ಅಣಬೆಯಡಿಯ ನಾಲ್ಕು ಚುಕ್ಕೆ

ಉಸಿರು ಬಿಡಬೇಡಿ. ಬಿಡಲೇಬೇಕೆಂದರೆ ಮುಖ ಪಕ್ಕಕ್ಕೆ ತಿರುಗಿಸಿ, ಮೆಲ್ಲಗೆ ಬಿಡಿ. ನಿಮ್ಮ ಮೂಗಿನಿಂದ ಒಂದು ಗೇಣಿನಾಚೆ, ಉರುಳಿ ಬಿದ್ದ ಹಳೆಯ ಮರದ ಮೈಯಿಂದ ಹೊರಚಾಚಿದ ಅಣಬೆಯ ಅಂಚಿನಲ್ಲಿ ಒಂದು ದುಂಬಿ ಕೂತಿದೆ. ಮಿರಿಮಿರಿ ಕಪ್ಪು ಬೆನ್ನು, ಅದರ ಮೇಲೆ ಕಿತ್ತಳೆ ಬಣ್ಣದ ಎರಡು ಅಂಕುಡೊಂಕು ಪಟ್ಟೆ. ಮೀಸೆಯ ತುದಿಯ ಚಪ್ಪಟೆ ಗಂಟಿನಿಂದ ಅಣಬೆಯನ್ನು ತಟ್ಟಿ ತಟ್ಟಿ ನೋಡುತ್ತಿದೆ. ಬಿಸಿಯುಸಿರು ತಗುಲಿದರೆ ಸಾಕು, ಆರೂ ಕಾಲು ಮಡಚಿ ಕೆಳಗುರುಳುತ್ತದೆ. ಕೆಳಗಿರುವುದು ಕೊಳೆತ ಎಲೆ, ಕೆಸರು, ಕತ್ತಲೆ.

ರಾತ್ರಿ ಎಂಟೂವರೆ, ಜೂನ್ ಕೊನೆಯ ವಾರ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನೊಳಗೆ, ಶರಾವತಿಗೆ ಇಳಿಯುವ ಸಣ್ಣ ಹಳ್ಳದ ಬದಿಯಲ್ಲಿ ನೀವು ಮಂಡಿಯೂರಿದ್ದೀರಿ. ಮೇಲೆ ಮಳೆ ನಿಂತು ಅರ್ಧ ಗಂಟೆಯಾಗಿದೆ, ಕಾಡಿನೊಳಗೆ ನಿಂತಿಲ್ಲ. ಎಲೆಯಿಂದ ಎಲೆಗೆ ಜಾರುವ ದಪ್ಪ ಹನಿಗಳು ಕತ್ತಿನ ಹಿಂದಿನಿಂದ ಅಂಗಿಯೊಳಗೆ ನುಗ್ಗಿ ಬೆನ್ನಿನುದ್ದಕ್ಕೂ ತಣ್ಣಗೆ ಇಳಿಯುತ್ತಿವೆ. ಹೊನ್ನಾವರದ ಕಡೆಯಿಂದ ಘಾಟಿ ಹತ್ತುವ ಲಾರಿಯ ಸದ್ದು ಒಮ್ಮೆ ಕೇಳಿ ಅಡಗುತ್ತದೆ. ಆಮೇಲೆ ಕಪ್ಪೆಗಳದ್ದೇ ರಾಜ್ಯ. ಒಂದು ಟಕ್ಕಟಕ್ ಎನ್ನುತ್ತದೆ, ಇನ್ನೊಂದು ಕರಕರ ಎನ್ನುತ್ತದೆ. ಎಲ್ಲವೂ ಒಟ್ಟಿಗೆ ಸುಮ್ಮನಾದಾಗ ನಿಮ್ಮ ಎದೆಬಡಿತ ನಿಮಗೇ ದೊಡ್ಡದಾಗಿ ಕೇಳುತ್ತದೆ. ಮೂಗಿಗೆ ಬರುತ್ತಿರುವುದು ಒದ್ದೆ ಕಟ್ಟಿಗೆಯ ಮುಗ್ಗಲು ವಾಸನೆ, ನಡುವೆ ಎಲ್ಲೋ ಒಂದೆಳೆ ಸಿಹಿ. ಆ ಎಳೆ ಅಣಬೆಯದು. ನಿಮಗೆ ಬಂದೂ ಬಾರದಂತಿರುವ ಆ ವಾಸನೆಯ ಜಾಡು ಹಿಡಿದೇ ದುಂಬಿ ಇಷ್ಟು ದೊಡ್ಡ ಕಾಡಿನಲ್ಲಿ ಈ ಒಂದು ದಿಮ್ಮಿಯನ್ನು ಹುಡುಕಿಕೊಂಡು ಬಂದಿದೆ.

ಎಡ ಅಂಗೈಯನ್ನು ಅಣಬೆಯ ಕೆಳಗೆ ಒಯ್ಯಿರಿ. ದುಂಬಿ ಉರುಳಿದರೆ ಅಲ್ಲೇ ಬೀಳಬೇಕು. ಬಲಗೈಯಲ್ಲಿ ಮೆತ್ತನೆಯ ಚಿಮಟ. ನೆತ್ತಿಯ ಮೇಲಿನ ದೀಪಕ್ಕೆ ಕೆಂಪು ಹಾಳೆ ಕಟ್ಟಿದ್ದೀರಿ, ಕೆಂಪು ಬೆಳಕು ಕೀಟದ ಕಣ್ಣಿಗೆ ಅಷ್ಟಾಗಿ ತಾಕುವುದಿಲ್ಲ. ಇನ್ನೂ ನಾಲ್ಕು ಬೆರಳು ದೂರ. ಮೂರು. ಅಷ್ಟರಲ್ಲಿ ಕಿವಿಯ ಹಿಂದೆ ಏನೋ ತಣ್ಣಗೆ, ಮೆತ್ತಗೆ, ಅಳತೆ ಹಾಕುತ್ತಾ ನಡೆಯುತ್ತದೆ. ಉಂಬಳ. ಕಾಲಿಗೆ ಸುಣ್ಣ, ತಂಬಾಕು ಬಳಿದುಕೊಂಡಿದ್ದೀರಿ, ಕಿವಿಗೆ ಬಳಿದಿಲ್ಲ. ಕೈ ಎತ್ತಿದರೆ ದುಂಬಿ ಹೋಯಿತು. ಎತ್ತದಿದ್ದರೆ ಅದು ಕೂತು ಕುಡಿಯುತ್ತದೆ. ಕುಡಿಯಲಿ ಎಂದು ಮನಸ್ಸು ಒಪ್ಪುತ್ತದೆ, ಮೈ ಒಪ್ಪುವುದಿಲ್ಲ. ಹೆಗಲು ತಾನಾಗಿ ಜುಮ್ಮೆಂದು ನಡುಗುತ್ತದೆ, ಬೆಳಕು ಅಲುಗುತ್ತದೆ.

ಟಪ್.

ಅಂಗೈ ಖಾಲಿ. ಎಲೆಗಳನ್ನು ಒಂದೊಂದಾಗಿ ಎತ್ತುತ್ತೀರಿ. ಎರೆಹುಳು, ಸಹಸ್ರಪದಿ, ಕಪ್ಪು ನೀರು. ದುಂಬಿ ಅಲ್ಲೇ ಎಲ್ಲೋ ಸತ್ತಂತೆ ಮಲಗಿದೆ. ನೀವು ಎದ್ದು ಹೋಗುವವರೆಗೂ ಹಾಗೇ ಮಲಗಿರುತ್ತದೆ.

ಅದು ಎಪಿಸ್ಕಾಫಾ ಕುಲದ್ದಾಗಿರಬಹುದು. ಅಣಬೆ ತಿಂದು ಬದುಕುವ ಎರೊಟಿಲಿಡೇ ಕುಟುಂಬದ ಕುಲ ಅದು. ಆದರೆ ಅದೇ ಕುಟುಂಬದ ಇನ್ನೊಂದು ಕುಲ, ಮೈಕ್ರೆಂಕಾಸ್ಟಿಸ್, ಇದೇ ಕಪ್ಪು, ಇದೇ ಕಿತ್ತಳೆ ಪಟ್ಟೆ ಹೊತ್ತು ತಿರುಗುತ್ತದೆ. ಕೈಗೆ ಬಾರದ ದುಂಬಿಯ ಬಗ್ಗೆ ‘ಇರಬಹುದು’ ಎಂದು ಬರೆದಿಟ್ಟರೆ ಅದು ಯಾವ ನಕ್ಷೆಗೂ ಏರುವುದಿಲ್ಲ. ಈ ಮರದ ಮೇಲೆ, ಈ ಮಳೆಯಲ್ಲಿ, ಈ ಜೀವ ಇತ್ತು ಎನ್ನುವ ಸಾಕ್ಷಿ ನಿಮ್ಮ ಹೆಗಲು ನಡುಗಿದ ಆ ಒಂದು ಕ್ಷಣದಲ್ಲಿ ಇಲ್ಲವಾಯಿತು. ಹೊಟ್ಟೆಯಲ್ಲಿ ಏನೋ ಕುಸಿದಂತಾಗುತ್ತದೆ. ಆಗಬೇಕಾದದ್ದೇ.

ನಿಮ್ಮ ಹಿಂದೆ ಕಂಬಳಿಕೊಪ್ಪೆ ಹೊದ್ದು ನಿಂತಿರುವವರು ಅರಣ್ಯ ಇಲಾಖೆಯ ವಾಚರ್. ಅರವತ್ತರ ಹತ್ತಿರದ ವಯಸ್ಸು, ಸೊಂಟದಲ್ಲಿ ಕತ್ತಿ, ಎಲೆಯಡಿಕೆ ತುಂಬಿದ ಕೆನ್ನೆ. ಇಲಾಖೆಯ ಅನುಮತಿ ಪತ್ರ ಪ್ಲಾಸ್ಟಿಕ್ ಕವರಿನಲ್ಲಿ ನಿಮ್ಮ ಚೀಲದಲ್ಲಿದೆ, ಆದರೆ ಈ ಜವುಗಿನಲ್ಲಿ ನಿಮ್ಮನ್ನು ನಡೆಸುತ್ತಿರುವುದು ಅವರ ಕಾಲಿನ ಅಂದಾಜು. ಅವರು ಬಗ್ಗಿ ನಿಮ್ಮ ಕಿವಿಯ ಹಿಂದಿನ ಉಂಬಳವನ್ನು ಎರಡು ಬೆರಳಲ್ಲಿ ತೆಗೆದು ಎಸೆಯುತ್ತಾರೆ. ಕತ್ತಿನಲ್ಲಿ ಬೆಚ್ಚಗೆ ಒಂದು ಗೆರೆ ಹರಿಯುತ್ತದೆ.

“ಒಂದು ಹುಳಕ್ಕೆ ಇಷ್ಟು ಬೇಜಾರಾ ಮಾರಾಯ್ರೆ? ಇನ್ನೂ ಅಣಬೆ ಉಂಟು, ಬನ್ನಿ.”

ಆ ಅಣಬೆ ಅವರಿಗೆ ಚೆನ್ನಾಗಿ ಗೊತ್ತು, ಮತ್ತು ಇಷ್ಟವಿಲ್ಲ. ಇದರ ಬಳಗದ ಗ್ಯಾನೊಡರ್ಮ ಅಡಿಕೆ ಮರದ ಬುಡದಲ್ಲಿ ಕಾಣಿಸಿಕೊಂಡರೆ ಮರದ ಆಯುಷ್ಯ ಮುಗಿಯಿತೆಂದೇ ಲೆಕ್ಕ; ತೋಟದವರು ಅದನ್ನು ಅಣಬೆರೋಗ ಎನ್ನುತ್ತಾರೆ. ಕಾಡಿನಲ್ಲಿ ಕೆಲಸ ಬೇರೆ. ಬಿದ್ದ ಮರವನ್ನು ಅಣಬೆ ಒಳಗಿನಿಂದ ಕರಗಿಸುತ್ತದೆ. ಕಟ್ಟಿಗೆ ಅಗಿಯಲಾರದ ದುಂಬಿಗೆ ಅಣಬೆಯ ಮಾಂಸ ಸಿಗುತ್ತದೆ. ಮರ ಸತ್ತಮೇಲೆ ಶುರುವಾಗುವ ಈ ಸಂಸಾರದಲ್ಲಿ ಯಾರ್‍ಯಾರಿದ್ದಾರೆ ಎಂದು ಹೆಸರು ಹಿಡಿದು ಹೇಳಬಲ್ಲವರು ಬಹಳ ಕಡಿಮೆ.

ಹೇಳಿದವರಲ್ಲಿ ಒಬ್ಬರು ಗಿಲ್ಬರ್ಟ್ ಜಾನ್ ಆರೋ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತು, ಭಾರತ, ಸಿಲೋನ್, ಬರ್ಮಾಗಳಿಂದ ಬಂದು ಸೇರಿದ ದುಂಬಿಗಳನ್ನು ನೋಡಿ, ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಮಾಲೆಯಲ್ಲಿ 1925ರಲ್ಲಿ ಒಂದು ಸಂಪುಟ ತಂದರು. ಎರೊಟಿಲಿಡೇ, ಲಂಗೂರಿಡೇ, ಎಂಡೊಮೈಕಿಡೇ, ಈ ಮೂರು ಕುಟುಂಬಗಳ ಸಂಪುಟ ಅದು. ನೂರು ವರ್ಷವಾದರೂ ನೀವು ಮೊದಲು ಕೈಹಾಕುವುದು ಅದಕ್ಕೇ. ಇನ್ನೊಬ್ಬರು ಇದೇ ಜಿಲ್ಲೆಯಲ್ಲಿ ನಡೆದಾಡಿದವರು: ಕಾರವಾರವನ್ನು ಮನೆ ಮಾಡಿಕೊಂಡು 1948ರಲ್ಲಿ ತೀರಿಕೊಂಡ ಅರಣ್ಯಾಧಿಕಾರಿ ಟಿ. ಆರ್. ಬೆಲ್. ಚಿಟ್ಟೆ, ಪತಂಗಗಳ ಕೆಲಸಕ್ಕೆ ಹೆಸರಾದ ಅವರು ದುಂಬಿಗಳನ್ನೂ ಹಿಡಿದು ಕಳಿಸುತ್ತಿದ್ದರು. ಆ ಕಾಲದ ಸೂಜಿಗಳಿಗೆ ಚುಚ್ಚಿದ ಪುಟ್ಟ ಚೀಟಿಗಳಲ್ಲಿ ಎಷ್ಟೋ ಸಲ ಊರಿನ ಜಾಗದಲ್ಲಿ ಇರುವುದು ಒಂದೇ ಪದ: ಕೆನರಾ. ಕಡಲಿನಿಂದ ಘಟ್ಟದ ನೆತ್ತಿ ದಾಟಿ ಹಳಿಯಾಳ, ಮುಂಡಗೋಡಿನ ಒಣ ಕಾಡಿನವರೆಗೆ 10,000 ಚದರ ಕಿಲೋಮೀಟರಿಗೂ ಮಿಕ್ಕಿದ ಜಿಲ್ಲೆ ಅದು. ಯಾವ ಹಳ್ಳ? ಯಾವ ಮರ? ಯಾವ ಅಣಬೆ? ಚೀಟಿ ಹೇಳುವುದಿಲ್ಲ. ಇದರಲ್ಲಿ ಬೆಲ್ಲರ ತಪ್ಪು ಹುಡುಕುವುದು ಸಲ್ಲದು. ಅಂದಿನ ವಾಡಿಕೆಯೇ ಹಾಗಿತ್ತು, ಅವರು ಕಳಿಸದಿದ್ದರೆ ಆ ಒಂದು ಪದವೂ ಇರುತ್ತಿರಲಿಲ್ಲ. ಆದರೆ ಆ ಪದದೊಳಗಿನ ಹಳ್ಳವನ್ನೂ ಮರವನ್ನೂ ಹುಡುಕುವ ಕೆಲಸ ಈಗ ನಿಮ್ಮ ಮಂಡಿಗೆ ಬಿದ್ದಿದೆ.

ನಡೆಯಿರಿ. ಇಲ್ಲಿ ನೆಲವೆಂದರೆ ಬೇರು. ರಾಮಪತ್ರೆಯ ಬಳಗದ ಮರಗಳ ಬೇರುಗಳು ಕೆಸರಿನಿಂದ ಮೇಲೆದ್ದು, ಮಂಡಿಯಾಗಿ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತವೆ. ನೀರು ನಿಂತ ಮಣ್ಣಿನಲ್ಲಿ ಅವು ಗಾಳಿಗಾಗಿ ಮೇಲೆ ಬರುತ್ತವೆ. ಎರಡು ಬೇರುಗಳ ನಡುವೆ ಕಾಲಿಟ್ಟರೆ ಮೊಣಕಾಲುದ್ದ ಇಳಿಯುತ್ತೀರಿ. ತೂಕ ತಪ್ಪಿ ಪಕ್ಕದ ಕಾಂಡಕ್ಕೆ ಕೈಚಾಚುತ್ತೀರಿ.

“ಅದಕ್ಕೆ ಒರಗ್ಬೇಡಿ! ಹೊಲಗೇರು ಅದು.”

ಕೈ ಹಿಂದಕ್ಕೆ. ಅದರ ಸೊನೆ ತಾಗಿದರೆ ಮೈ ಬೊಬ್ಬೆಯೇಳುತ್ತದೆ. ಅದರದೇ ನೆಂಟನೊಬ್ಬ ಇದೇ ಕಾನಿನಲ್ಲಿದ್ದಾನೆ. ಮುಗಿಲಿಗೆ ಬೆಳೆಯುವ ಮರ, ಆದರೂ 2000ನೇ ಇಸವಿಯವರೆಗೆ ವಿಜ್ಞಾನದಲ್ಲಿ ಅದಕ್ಕೆ ಹೆಸರಿರಲಿಲ್ಲ. ದಾಸಪ್ಪ ಮತ್ತು ಸ್ವಾಮಿನಾಥ್ ಅದನ್ನು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. ಅಷ್ಟು ದೊಡ್ಡ ಮರವೇ ಇಷ್ಟು ಕಾಲ ಅಡಗಿ ನಿಂತಿತ್ತು ಎಂಬುದನ್ನು ನೆನೆದು ಮುಂದಿನ ಹೆಜ್ಜೆ ಇಡಿ. ನೀವು ಹುಡುಕುತ್ತಿರುವುದು ಕಿರುಬೆರಳ ಉಗುರಿನಷ್ಟಿದೆ.

ಎರಡನೆಯ ದಿಮ್ಮಿ ಅಡ್ಡ ಬಿದ್ದಿದೆ, ಎದೆಯೆತ್ತರಕ್ಕೆ. ಅದರ ಆಚೆ ಬದಿಯಲ್ಲಿ ಅಣಬೆಗಳ ಸಾಲು. ಬೆಳಕು ತಾಗಿದಲ್ಲಿ ಏನೋ ಮಿಂಚಿ ಮರೆಯಾಗುತ್ತದೆ. ದುಂಬಿಯ ಬೆನ್ನೇ! ಎದೆ ಧಡಕ್ ಎನ್ನುತ್ತದೆ. ದಿಮ್ಮಿಯ ಮೇಲೆ ಹೊಟ್ಟೆ ಒತ್ತಿ, ಕೈಯನ್ನು ಆಚೆಗೆ ಇಳಿಬಿಡುತ್ತೀರಿ. ಪಾಚಿ ಒದ್ದೆ, ನುಣುಪು. ಬೆರಳು ತಡಕುತ್ತಾ ಕೆಳಗಿಳಿಯುತ್ತವೆ.

ಮಣಿಕಟ್ಟನ್ನು ಯಾರೋ ಹಿಡಿಯುತ್ತಾರೆ. ಗಟ್ಟಿಯಾಗಿ.

“ಅಲುಗ್ಬೇಡಿ.”

ವಾಚರ್ ದನಿ ತಗ್ಗಿದೆ. ಅವರ ದೀಪ ನಿಮ್ಮ ಕೈಯ ಮೇಲಲ್ಲ, ಅದರ ಪಕ್ಕದ ಬೇರಿನ ಮಂಡಿಯ ಮೇಲೆ ನಿಂತಿದೆ. ಅಲ್ಲಿ ಪಾಚಿ ಇಲ್ಲ. ಪಾಚಿಯ ಬಣ್ಣವಿದೆ. ಸುರುಳಿಯಿದೆ. ಸುರುಳಿಯ ನಡುವೆ ಅಗಲವಾದ ತಲೆಯಿದೆ, ನಿಮ್ಮ ಬೆರಳಿನ ಕಡೆಗೇ ತಿರುಗಿದೆ. ಮಲಬಾರಿನ ಗುಳಿಮಂಡಲ. ಕಣ್ಣಿಗೂ ಮೂಗಿಗೂ ನಡುವಿನ ಗುಳಿಯಿಂದ ಅದು ಬಿಸಿಯನ್ನು ಕಾಣುತ್ತದೆ. ಈ ತಣ್ಣನೆಯ ರಾತ್ರಿಯಲ್ಲಿ ಅದರ ಮುಂದೆ ಇರುವ ಬಿಸಿ ನಿಮ್ಮ ಕೈ. ಬಾಯಿ ಒಣಗುತ್ತದೆ. ಬೆರಳಿನ ತುದಿಯಲ್ಲಿ ನಾಡಿ ಹೊಡೆದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೆ ತಯಾರಾದದ್ದು, ಇದಕ್ಕಲ್ಲ. ಸಾಮಾನ್ಯವಾಗಿ ಸಾಯುವುದಿಲ್ಲ, ಊತ, ನೋವು ಎನ್ನುತ್ತಾರೆ. ಆ ‘ಸಾಮಾನ್ಯವಾಗಿ’ ಈಗ ಯಾವ ಧೈರ್ಯವನ್ನೂ ಕೊಡುವುದಿಲ್ಲ. ಕೈ ಎಳೆಯಬೇಕೆನಿಸುತ್ತದೆ. ಎಳೆಯಬೇಡಿ. ಥಟ್ಟನೆ ಎಳೆದರೆ ಅದೂ ಥಟ್ಟನೆ ಬರುತ್ತದೆ. ವಾಚರ್ ನಿಮ್ಮ ಮಣಿಕಟ್ಟನ್ನು ಎತ್ತುತ್ತಿದ್ದಾರೆ. ಒಂದು ಬೆರಳಗಲ. ಇನ್ನೊಂದು. ಹಾವು ನಾಲಿಗೆ ಚಾಚಿ ಒಳಗೆಳೆದುಕೊಳ್ಳುತ್ತದೆ. ಮೊಣಕೈ ದಿಮ್ಮಿಯ ಈಚೆಗೆ ಬರುತ್ತದೆ. ಕೈ ಬರುತ್ತದೆ.

ನೀವು ಕೂತುಬಿಡುತ್ತೀರಿ, ಕೆಸರಿನಲ್ಲೇ. ಕಾಲು ನಿಮ್ಮ ಮಾತು ಕೇಳುತ್ತಿಲ್ಲ.

ಈಗ ಒಂದು ಆಯ್ಕೆ. ವಾಚರ್ ಕೋಲು ಮುರಿದು ಹಾವನ್ನು ಸರಿಸಲು ಸಿದ್ಧರಿದ್ದಾರೆ. ಅಣಬೆಯ ಸಾಲು ಅದರ ತಲೆಯಿಂದ ಎರಡು ಮಾರು ದೂರದವರೆಗೂ ಇದೆ. ಹಾವು ಕಪ್ಪೆಗಾಗಿ ಕಾಯುತ್ತಾ ಅದೇ ಜಾಗದಲ್ಲಿ ದಿನಗಟ್ಟಲೆ ಕೂರುವ ಜೀವ. ಸರಿಸಿದರೆ ಅದರ ಕೆಲಸ ಕೆಟ್ಟಿತು. ವಾಪಸು ಹೊರಟರೆ ಈ ರಾತ್ರಿ ಖಾಲಿ. ನೀವು ಏಳುತ್ತೀರಿ. ಸರಿಸುವುದು ಬೇಡ, ಸುತ್ತಿ ಹೋಗೋಣ ಅಣ್ಣ ಎನ್ನುತ್ತೀರಿ. ಸುತ್ತು ಎಂದರೆ ಸೊಂಟದವರೆಗೆ ಬೇರುಗಳ ನಡುವಿನ ನೀರು. ಹಾವಿಲ್ಲದ ತುದಿಯಿಂದ ಆಚೆ ಬದಿಗೆ ಬಂದು ನಿಲ್ಲುವ ಹೊತ್ತಿಗೆ ಹಲ್ಲು ಕಟಕಟ ಎನ್ನುತ್ತಿವೆ.

ಮತ್ತು ಅಲ್ಲಿವೆ.

ಅಣಬೆಯ ಅಡಿಯ ಬೆಳ್ಳನೆಯ ಮೈಮೇಲೆ, ಬೆನ್ನು ಕೆಳಗಾಗಿ ತೂಗುಬಿದ್ದು, ಒಂದು ಗುಂಪು. ಕರಿನೇರಳೆ ಬಣ್ಣ, ಒಂದು ಸೆಂಟಿಮೀಟರಿನಷ್ಟು ಉದ್ದ, ಉಬ್ಬಿದ ಬೆನ್ನು, ರೆಕ್ಕೆಯ ಅಂಚು ಹೊರಕ್ಕೆ ಚಪ್ಪಟೆಯಾಗಿ ಚಾಚಿದೆ. ಒಂದೊಂದರ ಬೆನ್ನ ಮೇಲೂ ನಾಲ್ಕು ಹಳದಿ ಚುಕ್ಕೆ, ಈಗಷ್ಟೇ ಅರಿಸಿನದಲ್ಲಿ ಅದ್ದಿದ ಬೆರಳಿನಿಂದ ಇಟ್ಟಂತಿವೆ. ನಡುವೆ ಅವುಗಳ ಮರಿಹುಳುಗಳು, ಮಂಕು ಕಪ್ಪು, ಅಣಬೆಯ ಮೈಯನ್ನು ಕೆರೆಯುತ್ತಿವೆ. ಕಿವಿ ಹತ್ತಿರ ಒಯ್ದರೆ ಕೆರೆಯುವ ಸದ್ದು ಕೇಳೀತು ಎನಿಸುತ್ತದೆ. ಕೇಳುವುದಿಲ್ಲ, ನಿಮ್ಮ ರಕ್ತದ ಸದ್ದೇ ಕೇಳುತ್ತದೆ. ಇದು ಯೂಮಾರ್ಫಸ್. ಎಂಡೊಮೈಕಿಡೇ ಕುಟುಂಬ. ಕುಲದ ಬಗ್ಗೆ ಈ ಬೆಳಕಿನಲ್ಲೂ ಅನುಮಾನವಿಲ್ಲ.

ಈ ಸಲ ಅಂಗೈ ಮೊದಲು. ಉಸಿರು ಪಕ್ಕಕ್ಕೆ. ಒಂದು ದುಂಬಿ ಉರುಳುತ್ತದೆ, ಅಂಗೈಯಲ್ಲಿ ಬೀಳುತ್ತದೆ. ಇನ್ನೊಂದು. ಕಾಲು ಮಡಚಿ ಬಿದ್ದಿರುವ ಅವುಗಳ ಕೀಲುಗಳಿಂದ ಒಂದು ಹನಿ ಕಹಿ ದ್ರವ ಒಸರಿ ನಿಮ್ಮ ಚರ್ಮದ ಮೇಲೆ ನಿಲ್ಲುತ್ತದೆ. ಹಕ್ಕಿ, ಹಲ್ಲಿಗಳಿಗೆ ಹಳದಿ ಚುಕ್ಕೆ ಕೊಡುವ ಎಚ್ಚರಿಕೆಯ ಹಿಂದೆ ಈ ಕಹಿಯಿದೆ. ಭೂತಗನ್ನಡಿಯಲ್ಲಿ ಮುಂಗಾಲು ನೋಡಿ: ಒಂದರ ಮೊಣಕಾಲಿನ ಕೆಳಗೆ ಒಳಬದಿಯಲ್ಲಿ ಸಣ್ಣ ಹಲ್ಲು. ಗಂಡು. ಇನ್ನೊಂದಕ್ಕೆ ಇಲ್ಲ.

ಸಾಕು. ಉಳಿದವು ಅಲ್ಲೇ ಇರಲಿ.

ಇನ್ನು ಕೊಲ್ಲಬೇಕು. ಇದನ್ನು ಮೃದು ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಫೋಟೊ ಸಾಲದು. ಒಂದೇ ಬಣ್ಣ, ಒಂದೇ ನಾಲ್ಕು ಚುಕ್ಕೆಯ ಎರಡು ಪ್ರಭೇದಗಳು ಬೇರೆ ಎಂದು ಗೊತ್ತಾಗುವುದು ಗಂಡಿನ ಹೊಟ್ಟೆಯೊಳಗಿನ ಜನನಾಂಗದ ಆಕಾರದಿಂದ. ಹೆಸರು ತಪ್ಪಾದರೆ ಮುಂದಿನವರು ಆ ತಪ್ಪಿನ ಮೇಲೆಯೇ ಕಟ್ಟುತ್ತಾ ಹೋಗುತ್ತಾರೆ. ಆದ್ದರಿಂದ ಈ ಎರಡು ಸಾಯಬೇಕು, ನಿಮ್ಮ ಕೈಯಲ್ಲಿ. ಹೇಗೆ ಎಂಬುದೂ ನಿಮ್ಮದೇ ತೀರ್ಮಾನ. ಈಥೈಲ್ ಅಸಿಟೇಟಿನ ಶೀಶೆಯಲ್ಲಿ ಹಾಕಿದರೆ ಬಣ್ಣ ಚೆನ್ನಾಗಿ ಉಳಿಯುತ್ತದೆ, ಡಿಎನ್ಎ ಹಾಳಾಗುತ್ತದೆ. ಶೇಕಡ 95ರ ಆಲ್ಕೋಹಾಲಿಗೆ ಹಾಕಿದರೆ ಡಿಎನ್ಎ ಉಳಿಯುತ್ತದೆ, ಬಣ್ಣ ಮಾಸುತ್ತದೆ. ಹಳದಿಯನ್ನು ಕಣ್ತುಂಬ ನೋಡಿಕೊಳ್ಳಿ, ಫೋಟೊ ತೆಗೆಯಿರಿ, ಆಮೇಲೆ ಆಲ್ಕೋಹಾಲಿನ ಮುಚ್ಚಳ ತೆರೆಯಿರಿ. ಕಾಲುಗಳು ಒಮ್ಮೆ ಬಿಚ್ಚಿಕೊಳ್ಳುತ್ತವೆ. ನಿಲ್ಲುತ್ತವೆ. ವಾಚರ್ ನೋಡುತ್ತಾರೆ, ಏನೂ ಅನ್ನುವುದಿಲ್ಲ.

ಅಣಬೆಯಿಂದಲೂ ಒಂದು ಹೋಳು ಬೇಕು. ಎಲ್ಲ ಕಿತ್ತರೆ ಮರಿಹುಳುಗಳಿಗೆ ಊಟವಿಲ್ಲ. ಸಾಲಿನ ತುದಿಯಲ್ಲಿರುವ ಹಳೆಯ ಅಣಬೆಯಿಂದ ಅಂಗೈಯಗಲ ಕೊಯ್ಯುತ್ತೀರಿ. ಕೊಯ್ದ ಮುಖದಲ್ಲಿ ಸೂಜಿ ತೂರುವಷ್ಟು ಸಣ್ಣ ತೂತುಗಳು. ಅದನ್ನು ಬಟ್ಟೆ ಚೀಲಕ್ಕೆ ಹಾಕುವಾಗ ದೂರದಲ್ಲಿ ಹಳ್ಳದ ದನಿ ಬದಲಾಗಿರುವುದು ಕಿವಿಗೆ ಬೀಳುತ್ತದೆ. ಮೊದಲು ಗುಳುಗುಳು ಎನ್ನುತ್ತಿತ್ತು. ಈಗ ಮೊರೆಯುತ್ತಿದೆ. ಮೇಲೆಲ್ಲೋ ಮಳೆ ಹೊಡೆದಿದೆ.

“ಬೇಗ ಮಾರಾಯ್ರೆ. ಇನ್ನೊಂದು ಗಳಿಗೆ ಹೋದ್ರೆ ದಾಟ್ಲಿಕ್ಕೆ ಆಗ್ಲಿಕ್ಕಿಲ್ಲ.”

ಓಡಲು ಬೇರುಗಳು ಬಿಡುವುದಿಲ್ಲ. ಬರುವಾಗ ಪಾದ ಮುಚ್ಚಿದ್ದ ನೀರು ಈಗ ತೊಡೆಯವರೆಗೆ ಬಂದು ತಳ್ಳುತ್ತದೆ. ಕಾಲಡಿಯ ಕಲ್ಲು ಉರುಳುತ್ತದೆ. ಚೀಲ ಬಿಡಬೇಕೇ? ಕ್ಯಾಮೆರಾ ಚೀಲದಲ್ಲಿದೆ. ಶೀಶೆ ಎದೆಯ ಜೇಬಿನಲ್ಲಿ, ಗುಂಡಿ ಹಾಕಿದೆ. ನಡು ನೀರಿನಲ್ಲಿ ನಿಮ್ಮ ಕೈ ಹೋಗುವುದು ಜೇಬಿಗೆ. ವಾಚರ್ ಕೋಲು ಚಾಚುತ್ತಾರೆ. ಹಿಡಿಯುತ್ತೀರಿ. ದಡ.

ಅವರ ಮನೆಯ ಜಗಲಿಯಲ್ಲಿ ಕರೆಂಟಿಲ್ಲ. ಕೈಗೆ ಬಂದ ಜೀರಿಗೆ ಕಷಾಯದ ಲೋಟ ಸುಡುತ್ತದೆ, ಬಿಡಲು ಮನಸ್ಸಾಗುವುದಿಲ್ಲ. ಕಾಲುಚೀಲ ಕಳಚಿದರೆ ಉಂಬಳ ಕಚ್ಚಿದಲ್ಲೆಲ್ಲ ರಕ್ತ ಇನ್ನೂ ಒಸರುತ್ತಿದೆ. ಚಾರ್ಜರ್ ದೀಪದ ಕೆಳಗೆ ಪುಟ್ಟ ಸೂಕ್ಷ್ಮದರ್ಶಕ ಇಟ್ಟು, ಹೆಣ್ಣನ್ನು ಗಾಜಿನ ಬಟ್ಟಲಿಗೆ ಇಳಿಸಿ, ಪಾದದ ಗೆಣ್ಣುಗಳನ್ನು ಎಣಿಸುತ್ತೀರಿ. ಮೂರು ಗೆಣ್ಣು ಕಾಣುತ್ತವೆ. ಸೂಜಿಯಿಂದ ಮೆಲ್ಲಗೆ ಒತ್ತಿ: ಎರಡನೆಯದರ ಸೀಳಿನೊಳಗೆ ಅಡಗಿದ ಪುಟಾಣಿ ಗೆಣ್ಣೊಂದು ಹೊರಗೆ ಬರುತ್ತದೆ. ನಾಲ್ಕು. ಕತ್ತಿನ ಹಲಗೆಯ ಎರಡೂ ಬದಿಗೆ ಒಂದೊಂದು ತೋಡು. ಎಂಡೊಮೈಕಿಡೇಯ ಗುರುತು ಇವೆರಡೂ. ನೀವು ಕಳೆದುಕೊಂಡ ಕಿತ್ತಳೆ ಪಟ್ಟೆಯ ದುಂಬಿಗಾಗಿದ್ದರೆ ಪಾದದಲ್ಲಿ ಐದು ಗೆಣ್ಣು ಸಿಗುತ್ತಿದ್ದವು.

ಇಲ್ಲಿ ಸ್ವಲ್ಪ ನಿಲ್ಲಿ. ಆರೋ ಒಂದೇ ಸಂಪುಟದಲ್ಲಿ ಅಕ್ಕಪಕ್ಕ ಇಟ್ಟ ಈ ಎರಡು ಕುಟುಂಬಗಳು ಈಗ ಒಂದೇ ಮನೆಯಲ್ಲಿಲ್ಲ. 2015ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಮತ್ತು ಸಂಗಡಿಗರು ಡಿಎನ್ಎ ಹೋಲಿಸಿ, ಎಂಡೊಮೈಕಿಡೇಯನ್ನು ಹಳೆಯ ಮಹಾಕುಟುಂಬದಿಂದ ಬಿಡಿಸಿ, ಕಾಕ್ಸಿನೆಲ್ಲಾಯ್ಡಿಯಾ ಎಂಬ ಹೊಸ ಮಹಾಕುಟುಂಬಕ್ಕೆ ಸೇರಿಸಿದರು. ಅದರೊಳಗಿನ ಕೆಲವು ಉಪಕುಟುಂಬಗಳನ್ನೂ ಬೇರೆ ಮಾಡಿ ಸ್ವತಂತ್ರ ಕುಟುಂಬಗಳೆಂದರು. ಎರೊಟಿಲಿಡೇ ಹಿಂದೆಯೇ ಉಳಿಯಿತು. ಗಿಡದ ಕಾಂಡ ಕೊರೆಯುವ ಲಂಗೂರಿಡೇ ಈಗ ಅದರೊಳಗೇ ಸೇರಿಹೋಗಿದೆ. ನಿಮ್ಮ ಬಟ್ಟಲ ದುಂಬಿಯ ಹೊಸ ನೆಂಟರು ಯಾರು ಗೊತ್ತೇ? ಗುಲಗಂಜಿ ಹುಳುಗಳು. ಅಡಗಿದ ಆ ಗೆಣ್ಣು, ಕೀಲಿನಿಂದ ಒಸರುವ ಆ ಕಹಿ, ಎರಡೂ ಅವಕ್ಕೂ ಇವೆ. ಗುಲಗಂಜಿ ಹುಳುವೆಂದರೆ ಗಿಡಹೇನು ತಿನ್ನುವುದೆಂದೇ ನಮ್ಮ ನೆನಪು, ಆದರೆ ಹಿಪ್ಪುನೇರಳೆ ತೋಟದಲ್ಲಿ ಎಲೆಯ ಅಡಿ ಮಗುಚಿ ನೋಡಿ: ಹಳದಿ ಬಣ್ಣದ ಇಲ್ಲಿಯಿಸ್ ಸಿಂಕ್ಟಾ ಬೂದಿರೋಗದ ಬಿಳಿ ಪುಡಿಯನ್ನು ಮೇಯುತ್ತಿರುತ್ತದೆ. ಅದೂ ಶಿಲೀಂಧ್ರವೇ. ಕತ್ತಲೆಕಾನಿನ ದಿಮ್ಮಿಗೂ ರಾಮನಗರದ ರೇಷ್ಮೆ ತೋಟಕ್ಕೂ ನಡುವೆ ಇಂಥ ಒಂದು ಬಂಧುತ್ವವಿದೆ ಎಂಬುದು ನನ್ನನ್ನು ಇವತ್ತಿಗೂ ಹಿಗ್ಗಿಸುತ್ತದೆ.

ಈಗ ಬೆಂಗಳೂರು. ಕಿಟಕಿಯಾಚೆ ಬಸ್ಸಿನ ಹಾರ್ನ್, ಮೇಜಿನ ಮೇಲೆ ದೊಡ್ಡ ಸೂಕ್ಷ್ಮದರ್ಶಕ. ಗಂಡಿನ ಹೊಟ್ಟೆಯ ತುದಿಯನ್ನು ಬಿಡಿಸಿ, ಬೆಚ್ಚಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಮಾಂಸ ಕರಗಿಸಿ, ಗ್ಲಿಸರಿನ್ ಹನಿಯಲ್ಲಿ ಇಟ್ಟಿದ್ದೀರಿ. ಎರಡೂ ಕೈಯಲ್ಲಿ ಸೂಜಿ. ಕಂದು ಬಣ್ಣದ, ಬಾಗಿದ, ಕೂದಲಿಗಿಂತ ಸ್ವಲ್ಪವೇ ದಪ್ಪನೆಯ ಅಂಗವನ್ನು ಪೊರೆಯಿಂದ ಬಿಡಿಸಬೇಕು. ಒಂದು ಗಂಡಷ್ಟೇ ತಂದಿದ್ದೀರಿ. ಸೂಜಿ ಜಾರಿದರೆ ಗುರುತು ಹೋಯಿತು, ಅದರ ಸಾವೂ ವ್ಯರ್ಥವಾಯಿತು. ಮೊಣಕೈಯನ್ನು ಮೇಜಿಗೆ ಊರಿ. ಎರಡು ಉಸಿರಿನ ನಡುವೆ ಕೈ ಸ್ಥಿರವಾಗುವ ಒಂದು ಗಳಿಗೆ ಬರುತ್ತದೆ, ಆಗ ಎಳೆಯಿರಿ. ಪೊರೆ ಹಿಗ್ಗುತ್ತದೆ. ಇನ್ನೂ ಹಿಗ್ಗುತ್ತದೆ. ಬಿಡುತ್ತದೆ. ಬೆನ್ನಿನ ಬೆವರು ತಣ್ಣಗಾಗುತ್ತದೆ.

ಚಿತ್ರಗಳೊಡನೆ ಹೋಲಿಸುತ್ತೀರಿ. ಯೂಮಾರ್ಫಸ್ ಕ್ವಾಡ್ರಿಗಟ್ಟೇಟಸ್‌ಗೆ ಹತ್ತಿರ ಬರುತ್ತಿದೆ, ಇಲ್ಲಿಗರ್ 1800ರಲ್ಲಿ ಹೆಸರಿಟ್ಟ ಪ್ರಭೇದ. ದಕ್ಷಿಣ ಭಾರತ, ಶ್ರೀಲಂಕಾದ ದುಂಬಿಗಳನ್ನು ಅದರ ಪುಲ್ಕ್ರಿಪೆಸ್ ಎಂಬ ಉಪಪ್ರಭೇದವೆಂದು ಎಣಿಸಲಾಗಿದೆ. ನಕ್ಷೆ ಬಿಡಿಸಿ. ಈ ಕುಲದ ಬಹುಪಾಲು ಅಸ್ಸಾಂ, ಮ್ಯಾನ್ಮಾರ್, ಮಲಯ, ಬೋರ್ನಿಯೊಗಳ ಒದ್ದೆ ಕಾಡುಗಳಲ್ಲಿದೆ. ಮತ್ತೆ ಇಲ್ಲಿ, ಪಶ್ಚಿಮ ಘಟ್ಟದಲ್ಲಿ, ಕೆಲವೇ ಚುಕ್ಕೆ. ನಡುವೆ ದಖ್ಖನಿನ ಒಣ ನೆಲ, ಖಾಲಿ. ದುಂಬಿ ಇಲ್ಲಿಗೆ ಹೇಗೆ ಬಂತು? ತೊರೆಯ ಮೀನುಗಳಲ್ಲಿ ಇದೇ ಒಗಟು ಕಂಡ ಸುಂದರಲಾಲ್ ಹೋರಾ 1940ರ ದಶಕದಲ್ಲಿ, ಹಿಂದೆ ವಿಂಧ್ಯ, ಸಾತ್ಪುರಗಳ ಸಾಲು ಒದ್ದೆಯಾಗಿದ್ದಾಗ ಅವು ಆ ದಾರಿಯಲ್ಲಿ ಬಂದಿರಬೇಕು ಎಂದರು. ದುಂಬಿಗೂ ಅದೇ ದಾರಿಯೇ? ಹಾಗೆನ್ನುವ ಮೊದಲು ಖಾಲಿ ಜಾಗವನ್ನು ಇನ್ನೊಮ್ಮೆ ನೋಡಿ. ಘಟ್ಟದೊಳಗೇ ಎರಡು ಚುಕ್ಕೆಗಳ ನಡುವೆ ಕಾಡು ಕಡಿಯದೆ ನಿಂತಿದೆ, ಮಳೆಯಿದೆ, ಬಿದ್ದ ಮರಗಳಿವೆ, ಅಣಬೆಯಿದೆ. ಅಲ್ಲಿ ಇಲ್ಲದ್ದು ದುಂಬಿಯೋ, ಮಂಡಿಯೂರಿದ ಮನುಷ್ಯನೋ? ನನ್ನ ಮಟ್ಟಿಗೆ, ಅಣಬೆ ದುಂಬಿಗಳ ಹರಹಿನ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಜಿನೀವಾದ ಮ್ಯೂಸಿಯಮ್ಮಿನ ಇವಾನ್ ಲೋಬ್ಲ್ ಮತ್ತು ಗೆಳೆಯರು 1972ರಲ್ಲಿ ದಕ್ಷಿಣದ ಬೆಟ್ಟಗಳಲ್ಲಿ ಎಲೆ ಜರಡಿಯಾಡಿ ಹೋದರು. 1979ರಲ್ಲಿ ಅವರು ದಕ್ಷಿಣ ಭಾರತದ ಸ್ಕಾಫಿಡಿಡೇಗಳ ಮೇಲೆ ಬರೆದಾಗ, ಅಣಬೆ ತಿನ್ನುವ ಆ ಪುಟ್ಟ ಹೊಳಪು ದುಂಬಿಗಳು ನಮ್ಮ ಬೆಟ್ಟಗಳಲ್ಲಿ ಎಷ್ಟು ಬಗೆ ಇವೆ ಎಂದು ಗೊತ್ತಾಯಿತು. ಬೆಟ್ಟ ಬದಲಾಗಿರಲಿಲ್ಲ. ಯಾರೋ ಬಂದು ಬಗ್ಗಿ ನೋಡಿದ್ದರು.

ಚೀಟಿ ಬರೆಯಿರಿ. ಜಿಲ್ಲೆ ಸಾಲದು. ಕತ್ತಲೆಕಾನು, ಅಕ್ಷಾಂಶ, ರೇಖಾಂಶ, ಎತ್ತರ, ದಿನಾಂಕ, ರಾತ್ರಿ, ಬಿದ್ದ ಮರದ ಅಣಬೆಯ ಅಡಿಯಲ್ಲಿ, ಮರಿಹುಳುಗಳೊಂದಿಗೆ. ಹಿಡಿದವರ ಜಾಗದಲ್ಲಿ ಎರಡು ಹೆಸರು ಬರೆಯಿರಿ. ಆ ಮಣಿಕಟ್ಟು ಹಿಡಿದವರದೂ ಒಂದು. ಅಕ್ಷರ ಅಕ್ಕಿಕಾಳಿಗಿಂತ ಚಿಕ್ಕದಾಗಿರಬೇಕು, ಆದರೂ ಒಂದೂ ಬಿಡುವಂತಿಲ್ಲ.

‘ಅಣಬೆ’ ಎಂದು ಬರೆದಲ್ಲಿ ಪೆನ್ನು ನಿಲ್ಲುತ್ತದೆ. ಯಾವ ಅಣಬೆ? ತಂದ ಹೋಳು ಮೂಲೆಯ ಡಬ್ಬಿಯಲ್ಲಿದೆ, ಬಾಯಿಗೆ ಬಟ್ಟೆ ಕಟ್ಟಿದೆ. ತೆರೆಯುತ್ತೀರಿ. ತಳದಲ್ಲಿ ಕಂದು ಹಿಟ್ಟು ಸುರಿದಿದೆ. ಹಿಟ್ಟಿನ ಮೇಲೆ ಗುಂಡುಸೂಜಿಯ ತಲೆಯಷ್ಟಿರುವ ದುಂಬಿಗಳು ಓಡಾಡುತ್ತಿವೆ, ಒಂದೆರಡು ಮಿಲಿಮೀಟರ್, ಉರುಟು, ಕೆಲವು ಕಪ್ಪು, ಕೆಲವು ಇನ್ನೂ ಬಣ್ಣ ಏರದ ಹಳದಿ. ಸಿಯಿಡೇ ಕುಟುಂಬ. ಹುಟ್ಟು, ಮದುವೆ, ಸಾವು ಎಲ್ಲ ಒಂದೇ ಅಣಬೆಯೊಳಗೆ ಮುಗಿಸುವವು. ಆರೋ ಸಂಪುಟದಲ್ಲಿ ಇವಕ್ಕೆ ಜಾಗವಿಲ್ಲ. ಲೆನ್ಸ್ ಕೆಳಗೆ ಒಂದನ್ನು ಇಡುತ್ತೀರಿ: ಗಂಡು, ತಲೆಯ ಮೇಲೆ ಎರಡು ಪುಟ್ಟ ಕೊಂಬು.

ಹೋಳನ್ನು ಈಗಲೇ ಒಣಗಿಸಿದರೆ ಅಣಬೆ ತಜ್ಞರಿಗೆ ಕಳಿಸಬಹುದು, ಒಳಗಿನ ಮರಿಗಳು ಸಾಯುತ್ತವೆ. ಹಾಗೇ ಇಟ್ಟರೆ ದುಂಬಿಗಳು ಬಲಿಯುತ್ತವೆ, ಆದರೆ ಬೂಸ್ಟು ಹತ್ತಿ ಅಣಬೆಯ ಗುರುತೇ ಸಿಗದೆ ಹೋಗಬಹುದು. ಚಾಕು ತೆಗೆದುಕೊಂಡು ತೂತು ಕಡಿಮೆ ಇರುವ ಕಡೆಯಿಂದ ಎರಡು ಬೆರಳಗಲ ಕೊಯ್ದು ಕಾಗದದ ಕವರಿಗೆ ಹಾಕುತ್ತೀರಿ. ಉಳಿದದ್ದನ್ನು ಡಬ್ಬಿಗೇ ಇಟ್ಟು, ಬಟ್ಟೆ ಬಿಗಿದು, ಮೇಲೆ ದಿನಾಂಕ ಬರೆಯುತ್ತೀರಿ. ಕೊಂಬಿನ ಗಂಡುಗಳು ಇನ್ನೂ ಬೇಕು. ನಾಳೆ ಬೆಳಿಗ್ಗೆ ಮತ್ತೆ ತೆರೆದು ಎಣಿಸಬೇಕು.